ಡಿಸೈನ್ ಅಂದರೆ ಎಂತ, ಪೈಂಟಾ?

"ನಗರಕ್ಕೆ ಸ್ಟ್ರಾಟೆಜಿಕ್ ಡಿಸೈನ್ ಮಾಡುವುದು ಅಂದರೆ ಎಂತ ಕೆಲಸ ಮಾರಾಯಾ?" ಯಾವ ಮದುವೆಗೆ ಹೋದರೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಹೋದ ವರ್ಷ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತ ಭಾವ ಕೇಳಿದರು, "ಬಸ್‌ಸ್ಟ್ಯಾಂಡಿಗೆ ಯಾವ ಪೈಂಟ್ ಅಂತ ಹೇಳುವುದಾ?" ಎದುರು ಸಾಲಿನವರೂ ನಕ್ಕರು. ನನಗೆ ಸಿಟ್ಟು ಬಂತು. ಪಾಯಸ ಬರುವವರೆಗೆ ಮಾತಾಡಲಿಲ್ಲ.

ಪೈಂಟ್ ಕೊನೆಗೆ ಬರುವುದು ಭಾವಾ. ನಕ್ಷೆ ಬರೆಯುವ ಮೊದಲು ತೊಂದರೆ ಎಲ್ಲಿದೆ ಅಂತ ಹಿಡಿಯಬೇಕು. ರಸ್ತೆಯವರು, ನೀರಿನವರು, ಅಲ್ಲೇ ವಾಸ ಇರುವವರು, ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕು. ಅದು ನನ್ನ ಕೆಲಸ.

ಉದಾಹರಣೆಗೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಮೂರು ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿಯಿತು. ರಸ್ತೆ, ನೆಲಮಾಳಿಗೆ ಎಲ್ಲ ಮುಳುಗಿತು. ಚರಂಡಿ ಎಷ್ಟು ಅಗಲ ಮಾಡೋಣ ಅಂತ ಮಾತ್ರ ಯೋಚಿಸಿದ್ದರೆ ಊರೆಲ್ಲ ಅಗೆದು ಪೈಪ್ ಹಾಕಬೇಕಿತ್ತು. ನೀರನ್ನು ಸ್ವಲ್ಪ ಹೊತ್ತು ಎಲ್ಲಿ ನಿಲ್ಲಿಸಬಹುದು ಅಂತಲೂ ಅಲ್ಲಿನ ನಗರಾಡಳಿತದವರು ಹುಡುಕಿದರು. 2012ರಲ್ಲಿ ಯೋಜನೆ ಬಂತು. ಅಲ್ಲಿನ ಒಂದು ಹಳೆಯ ಪಾರ್ಕ್ ಈಗ 2 ಕೋಟಿ ಲೀಟರಿಗೂ ಜಾಸ್ತಿ ಮಳೆನೀರು ಹಿಡಿಯುತ್ತದೆ. ಬಿಸಿಲಿರುವಾಗ ಮಕ್ಕಳು ಆಡುವ ತಗ್ಗಿನ ಅಂಗಳ, ಜೋರು ಮಳೆಗೆ ಕೆರೆ.

ಇದು ನಮಗೆ ಹೊಸತಾ? ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಗುಡ್ಡೆಯ ಮೇಲೆ ಪಳ್ಳ ಅಂದರೆ ಮಳೆನೀರು ನಿಲ್ಲುವ ತಗ್ಗು, ಕೆಳಗೆ ಮದಕ ಅಂದರೆ ನೀರು ನಿಲ್ಲಿಸುವ ಕೆರೆ, ಮತ್ತೆ ತೋಡು ಅಂದರೆ ಸಣ್ಣ ಹಳ್ಳ, ಆಮೇಲೆ ಗದ್ದೆ. ಮುರಕಲ್ಲು (ಜಂಬಿಟ್ಟಿಗೆ) ಕೊರೆದ ಸುರಂಗದಿಂದ ಪಂಪಿಲ್ಲದೆ ನೀರು ಅಂಗಳಕ್ಕೆ ಬರುತ್ತದೆ. ಅಜ್ಜಂದಿರು ನೀರಿಗೆ ಜಾಗ ಬಿಟ್ಟೇ ಮನೆ ಕಟ್ಟಿದ್ದರು, ಅಲ್ವಾ? ನಾವು ಗದ್ದೆಗೆ ಮಣ್ಣು ತುಂಬಿಸಿದೆವು. ಆಮೇಲೆ ಜೂನ್‌ನಲ್ಲಿ ಅಂಗಡಿಯೊಳಗೆ ನೀರು ಬಂತು ಅಂತ ಸುಮ್ನೆ ಮಳೆಗೆ ಬೈಯುತ್ತೇವೆ.

ಪೇಟೆ ಬೆಳೆಯಲಿ, ಆರು ಪಥದ ಹೆದ್ದಾರಿಯೂ ಇರಲಿ. ಆದರೆ ಪಳ್ಳ, ಮದಕ, ತೋಡು ಮೊದಲು ಮ್ಯಾಪಿಗೆ ಬರಲಿ. ರಸ್ತೆಯ ಗೆರೆ ಆಮೇಲೆ ಎಳೆಯಿರಿ.

ಪೈಂಟಿನ ಮಾತು ಬಿಡಿ ಭಾವಾ. ನಿಮ್ಮ ತೋಟದ ಬದಿಯ ತೋಡು ಪೇಟೆಯಲ್ಲಿ ಎಲ್ಲಿ ಕಾಣೆಯಾಗುತ್ತದೆ ಅಂತ ಕೇಳಿ. ಯಾರಾದರೂ ಇದನ್ನು ಕೇಳಲಿ ಅಂತ ಎಷ್ಟೋ ವರ್ಷದಿಂದ ಕಾಯುತ್ತಿದ್ದೇನೆ. ನಾನು ಅದರ ಬದಿಯಲ್ಲೇ ನಡೆದು ನೋಡಿದ್ದೇನೆ. ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಬನ್ನಿ, ತೋರಿಸುತ್ತೇನೆ.