ಎಂಟು ವರ್ಷದ ಗಾಡಿ

ನಮ್ಮ ಮನೆಯ ಕ್ರಾಸ್‌ಓವರ್ ಕಾರಿಗೆ ಈ ತಿಂಗಳು ಎಂಟು ವರ್ಷ ತುಂಬಿತು. ಮೀಟರ್‌ನಲ್ಲಿ 94,000 ಕಿಲೋಮೀಟರ್. ದಾರಿಯಲ್ಲಿ ನಿಂತಿದ್ದು ಒಂದೇ ಸಲ.

ಮೇ ತಿಂಗಳು. ಕಲಬುರಗಿಯಿಂದ ಬೀದರ್‌ಗೆ ಹೊರಟಿದ್ದೆವು. ಕಮಲಾಪುರ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಹಿಂದೆ ಅವ್ವ, ಮಕ್ಕಳು. ಹೊರಗೆ ಕೆಂಡದಂಥ ಬಿಸಿಲು. ಬೇವಿನ ಮರದ ನೆರಳಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಬೈಕ್ ಮೇಲೆ ಬಂದವರೊಬ್ಬರು ಕೂಗಿದರು, "ಅಣ್ಣಾ, ಬಿಸಿ ಇದ್ದಾಗ ತೆಗಿಬ್ಯಾಡ್ರಿ, ಮಾರಿ ಸುಡ್ತದ!" ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಹಳೇ ರಬ್ಬರ್ ಪೈಪ್ ಬಿರುಕು ಬಿಟ್ಟು, ಎಂಜಿನ್ ತಂಪಾಗಿಡುವ ಕೂಲೆಂಟ್ ಸೋರಿತ್ತು. ವರ್ಷ ವರ್ಷ ತಪ್ಪದೆ ಸರ್ವಿಸ್ ಮಾಡಿಸಿದ್ದೆ. ಒಬ್ಬರೂ ಆ ಪೈಪ್ ಕಡೆ ನೋಡಿರಲಿಲ್ಲ. ತುಂಬಾ ಬೇಜಾರಾಯಿತು.

ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ. ರಬ್ಬರ್, ಬ್ಯಾಟರಿ ಎಲ್ಲ ಬೇಗ ಹಾಳಾಗುತ್ತವೆ. ಬೆಂಗಳೂರಿನ ಗೆಳೆಯನ ಹತ್ತಿರವೂ ಇದೇ ಗಾಡಿ ಇದೆ. ಅವನ ಮೊದಲ ಬ್ಯಾಟರಿ ಐದು ವರ್ಷ ಬಂತು, ನನ್ನದು ಮೂರಕ್ಕೇ ಹೋಯಿತು. ಹಾಗಾಗಿ 'ಈ ಗಾಡಿ ನಂಬಬಹುದಾ' ಅಂತ ಯಾರಾದರೂ ಕೇಳಿದರೆ, ಎಲ್ಲಿ ಓಡಿಸ್ತೀರಿ ಅಂತ ಮೊದಲು ಕೇಳುತ್ತೇನೆ. ಅದು ಮುಖ್ಯ ಅಲ್ವಾ? ಇನ್ನೊಂದು, ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸಬೇಡಿ. ಗಡಸು ನೀರಿನಿಂದ ಒಳಗೆಲ್ಲ ಬಿಳಿ ಉಪ್ಪು ಕಟ್ಟುತ್ತದೆ.

ನಾಳೆ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಬೇಕು. ಈಗಷ್ಟೇ ಟಾರ್ಚ್ ಹಿಡಿದು ಪೈಪೆಲ್ಲ ಮುಟ್ಟಿ ನೋಡಿ ಬಂದೆ.