ಸರ್ಫ್ಯಾಕ್ಟೆಂಟ್ ಪೊರೆ ಚೀಲವಾಗಿ ಮುಚ್ಚಿಕೊಳ್ಳುವುದೇಕೆ?

ಸಾಬೂನಿನಲ್ಲೂ ಬಟ್ಟೆ ಒಗೆಯುವ ಪುಡಿಯಲ್ಲೂ ಇರುವ ಸರ್ಫ್ಯಾಕ್ಟೆಂಟ್ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ಎಣ್ಣೆಯ ಜಾತಿಗೆ ಸೇರಿದ ಒಂದು ಬಾಲ ಇರುತ್ತವೆ. ನೀರಿನಲ್ಲಿ ಈ ಬಾಲಗಳು ಒಂದೆಡೆ ಸೇರುವುದಕ್ಕೆ ಅವುಗಳ ಪರಸ್ಪರ ಸೆಳೆತಕ್ಕಿಂತ ನೀರೇ ಹೆಚ್ಚು ಕಾರಣ. ಬಾಲದ ಸುತ್ತಲಿನ ನೀರಿನ ಅಣುಗಳು ತಮ್ಮ ಹೈಡ್ರೋಜನ್ ಬಂಧಗಳನ್ನು ಉಳಿಸಿಕೊಳ್ಳಲು ಹೆಚ್ಚು ಕ್ರಮಬದ್ಧವಾಗಿ ನಿಲ್ಲಬೇಕಾಗುತ್ತದೆ. ಬಾಲಗಳು ಒಳಗೆ ಅಡಗಿದಾಗ ಆ ಬಿಗಿತ ಸಡಿಲವಾಗಿ ಎಂಟ್ರೊಪಿ, ಅಂದರೆ ಅಣುಗಳ ಅಸ್ತವ್ಯಸ್ತತೆಯ ಅಳತೆ, ಹೆಚ್ಚುತ್ತದೆ. ಟೂತ್‌ಪೇಸ್ಟಿನಲ್ಲಿ ಬಳಕೆಯಾಗುವ ಸೋಡಿಯಂ ಡೋಡೆಸೈಲ್ ಸಲ್ಫೇಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 2.3 ಗ್ರಾಂ ದಾಟಿದ ಮೇಲೆ, ಸರಿಸುಮಾರು 60 ಅಣುಗಳ ಗುಂಪುಗಳಾಗಿ, ಅಂದರೆ ಮಿಸೆಲ್‌ಗಳಾಗಿ, ಕೂಡುತ್ತದೆ.

ಗುಂಪು ಕೂಡುವುದೇನೋ ಸರಿ, ಅದಕ್ಕೆ ಇಂಥದೇ ಆಕಾರ ಏಕೆ ಎಂಬ ಪ್ರಶ್ನೆ ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು. 1976ರಲ್ಲಿ ಇಸ್ರೇಲಾಚ್ವಿಲಿ, ಮಿಚೆಲ್ ಮತ್ತು ನಿನ್‌ಹ್ಯಾಮ್ ಇದಕ್ಕೆ ಬಹಳ ಸರಳವಾದ ಅಳತೆಗೋಲೊಂದನ್ನು ಕೊಟ್ಟರು: ಬಾಲದ ಘನಗಾತ್ರವನ್ನು, ತಲೆಯು ಆಕ್ರಮಿಸುವ ವಿಸ್ತೀರ್ಣ ಮತ್ತು ಬಾಲದ ಉದ್ದಗಳ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಅಣು ಕಡಲೆಕಾಯಿ ಕಟ್ಟಿಕೊಡುವ ಕಾಗದದ ಪೊಟ್ಟಣದಂತೆ ಬಾಲದ ಕಡೆ ಚೂಪಾಗಿರುತ್ತದೆ, ಅಂಥವುಗಳ ಚೂಪುಗಳನ್ನು ಒಂದೆಡೆ ಸೇರಿಸಿದರೆ ಗೋಲವಲ್ಲದೆ ಬೇರೇನೂ ಆಗದು. ಅಲ್ಲಿಂದ ಅರ್ಧದವರೆಗೆ ಉದ್ದನೆಯ ಸಿಲಿಂಡರ್‌ಗಳು. ಅರ್ಧದಿಂದ ಒಂದರವರೆಗೆ ಬಾಗಬಲ್ಲ ದ್ವಿಪದರಗಳು, ಅಂದರೆ ಬಾಲಗಳನ್ನು ನಡುವೆ ಅಡಗಿಸಿಕೊಂಡ ಎರಡು ಪದರಗಳ ಹಾಳೆಗಳು. ಒಂದನ್ನು ಮೀರಿದರೆ ತಲೆ ಒಳಗೆ, ಬಾಲ ಹೊರಗೆ. ಸೋಡಿಯಂ ಡೋಡೆಸೈಲ್ ಸಲ್ಫೇಟ್‌ಗೆ ಲೆಕ್ಕ ಹಾಕಿದರೆ ಸುಮಾರು 0.35 ಬರುತ್ತದೆ. ತಲೆಯ ವಿಸ್ತೀರ್ಣವನ್ನು ಹೆಚ್ಚಿಸದೆ ಇನ್ನೊಂದು ಬಾಲ ಜೋಡಿಸಿದರೆ ಅದು ಸುಮಾರು 0.7 ಆಗುತ್ತದೆ, ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಫಾಸ್ಫೋಲಿಪಿಡ್‌ಗಳು ಎರಡು ಬಾಲದವೇ.

ಆದರೆ ದ್ವಿಪದರ ಚಪ್ಪಟೆಯಾಗಿಯೇ ಉಳಿಯಬಹುದಿತ್ತಲ್ಲ? ಹಾಗೆ ಉಳಿದರೆ ಅದರ ಅಂಚಿನಲ್ಲಿ ಬಾಲಗಳು ನೀರಿಗೆ ತೆರೆದುಕೊಳ್ಳುತ್ತವೆ, ಇಲ್ಲವೇ ಅಂಚು ತಾನೇ ಬಿಗಿಯಾಗಿ ಬಾಗಬೇಕಾಗುತ್ತದೆ. ಎರಡಕ್ಕೂ ಶಕ್ತಿ ವ್ಯಯವಾಗುತ್ತದೆ. ಈ ಚಪ್ಪಟೆ ಬಿಲ್ಲೆ ಬೆಳೆದಂತೆ ಅಂಚಿನ ಉದ್ದವೂ ಅದರ ವೆಚ್ಚವೂ ಬೆಳೆಯುತ್ತವೆ. ಬಾಗುವುದಕ್ಕೂ ಶಕ್ತಿ ಬೇಕು ನಿಜ, ಆದರೆ ಹೆಲ್ಫ್ರಿಶ್ 1973ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಎರಡೂ ಪದರಗಳು ಒಂದೇ ಬಗೆಯವಾದರೆ, ಗೋಲವೊಂದನ್ನು ಬಾಗಿಸುವ ಒಟ್ಟು ಶಕ್ತಿ ಅದರ ತ್ರಿಜ್ಯವನ್ನು ಅವಲಂಬಿಸಿಲ್ಲ. ಒಂದು ವೆಚ್ಚ ಬೆಳೆಯುತ್ತಲೇ ಹೋಗುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಆದ್ದರಿಂದ ಒಂದು ಗಾತ್ರವನ್ನು ದಾಟಿದ ಬಿಲ್ಲೆಗೆ ಮುಚ್ಚಿಕೊಳ್ಳುವುದೇ ಲಾಭ, ಹಾಗೆ ನೀರನ್ನು ಒಳಗಿಟ್ಟುಕೊಂಡು ಮುಚ್ಚಿದ ಚೀಲವೇ ವೆಸಿಕಲ್. ಇದಕ್ಕಿಂತ ಚೆಲುವಾದ ವಾದವನ್ನು ನಾನು ಭೌತರಸಾಯನದಲ್ಲಿ ಹೆಚ್ಚು ಕಂಡಿಲ್ಲ.

ಫಾಸ್ಫೋಲಿಪಿಡ್‌ನಂಥ ಲಿಪಿಡ್‌ಗಳಿಂದ ಸಣ್ಣ ವೆಸಿಕಲ್ ಮಾಡಲು ಸಾಮಾನ್ಯವಾಗಿ ಶ್ರವಣಾತೀತ ತರಂಗಗಳಿಂದ ಅಲುಗಿಸಬೇಕು, ಅಥವಾ ಸೂಕ್ಷ್ಮ ರಂಧ್ರಗಳ ಮೂಲಕ ಒತ್ತಿ ಹಾಯಿಸಬೇಕು. ಹಾಗೆ ಆದವು ಬಹಳ ಕಾಲ ಉಳಿದರೂ ಸಮತೋಲನದ ಸ್ಥಿತಿಯಲ್ಲವೆಂದೇ ಎಣಿಕೆ. ಹೀಗಿರುವಾಗ 1989ರಲ್ಲಿ ಎರಿಕ್ ಕೇಲರ್ ಮತ್ತು ಸಂಗಡಿಗರು ತೋರಿಸಿದ್ದು ಗಮನಾರ್ಹ. ಅವರು ಧನ ವಿದ್ಯುದಂಶದ ತಲೆಯುಳ್ಳ ಒಂದು ಸರ್ಫ್ಯಾಕ್ಟೆಂಟನ್ನೂ, ಋಣ ವಿದ್ಯುದಂಶದ ತಲೆಯುಳ್ಳ ಇನ್ನೊಂದನ್ನೂ ನೀರಿನಲ್ಲಿ ಸುಮ್ಮನೆ ಬೆರೆಸಿದರು. ಎರಡಕ್ಕೂ ಒಂದೊಂದೇ ಬಾಲ. ಎರಡನೆಯದು ಡಿಟರ್ಜೆಂಟ್ ಪುಡಿಗಳಲ್ಲಿ ಬಳಸುವ ಬಗೆಯದೇ. ಬೆರೆತಾಗ ವಿರುದ್ಧ ವಿದ್ಯುದಂಶದ ತಲೆಗಳು ಒಂದನ್ನೊಂದು ಹತ್ತಿರ ಎಳೆದುಕೊಂಡು ತಲೆಯೊಂದಕ್ಕೆ ಬೇಕಾದ ಜಾಗ ಕುಗ್ಗುತ್ತದೆ, ಜೋಡಿಯು ಎರಡು ಬಾಲದ ಅಣುವಿನಂತೆ ವರ್ತಿಸುತ್ತದೆ, ವೆಸಿಕಲ್‌ಗಳು ತಾವಾಗಿಯೇ ಮೂಡುತ್ತವೆ. ಒಳಪದರ ಮತ್ತು ಹೊರಪದರಗಳಲ್ಲಿ ಎರಡರ ಪ್ರಮಾಣ ಬೇರೆ ಬೇರೆಯಾಗಬಹುದಾದ್ದರಿಂದ ಪೊರೆಗೆ ಒಂದು ಸಹಜ ಬಾಗು ಬರುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆಗಳಲ್ಲಿ ಒಂದು.

ಇಷ್ಟು ಸುಲಭವಾಗಿ ಆಗುವ ಚೀಲವಿರುವಾಗ ಔಷಧ ಸಾಗಿಸಲು ಲಿಪಿಡ್ ಚೀಲಗಳನ್ನೇ, ಉದಾಹರಣೆಗೆ 1995ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧದಲ್ಲಿ, ಏಕೆ ಬಳಸಿದರು? ಡಿಟರ್ಜೆಂಟುಗಳು ಜೀವಕೋಶದ ಪೊರೆಯನ್ನೇ ಕರಗಿಸುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಬಾಲಗಳದ್ದು: ಒಂದೇ ಬಾಲದ ಅಣು ನೀರಿಗೆ ಸುಲಭವಾಗಿ ಬಿಟ್ಟುಹೋಗುತ್ತದೆ, ಆದ್ದರಿಂದ ಬಹಳ ತೆಳುವಾದ ದ್ರಾವಣದಲ್ಲಿ ಅದರ ಗುಂಪು ಚದುರುತ್ತದೆ. ಉದ್ದನೆಯ ಎರಡು ಬಾಲಗಳ ಲಿಪಿಡ್ ನೀರಿನಲ್ಲಿ ಒಂಟಿಯಾಗಿ ಕರಗುವ ಪ್ರಮಾಣ ಎಷ್ಟು ಅಲ್ಪವೆಂದರೆ, ಕೆಲವು ಲೀಟರ್ ರಕ್ತದಲ್ಲಿ ಬೆರೆತ ಮೇಲೂ ಅಣುಗಳು ಪೊರೆಯಲ್ಲೇ ಉಳಿಯುತ್ತವೆ.