ನಿಂತದ್ದು ಪ್ರೋಗ್ರಾಮ್, ಏರಿದ್ದು ಪ್ರೆಶರ್

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಘಟಕದಲ್ಲಿ ಹೈಡ್ರಾಲಿಕ್ ಸಿಲಿಂಡರುಗಳ ಟೆಸ್ಟ್ ಬೆಂಚಿಗೆ ಕಂಟ್ರೋಲರ್ ತಯಾರಾಗುತ್ತದೆ. ಎಎಂ335ಎಕ್ಸ್ ಎಂಬ ಆರ್ಮ್ ಪ್ರೊಸೆಸರಿನ ಬೋರ್ಡು, ಅದರ ಮೇಲೆ ಹೊರಗಿನ ವೆಂಡರ್ ಒಬ್ಬರು ಕಟ್ಟಿಕೊಟ್ಟ ಸಣ್ಣ ಲಿನಕ್ಸ್ ಇಮೇಜ್, ಅದರೊಳಗೆ ಸಿ ಭಾಷೆಯಲ್ಲಿ ಬರೆದ ನಮ್ಮ ಪ್ರೋಗ್ರಾಮ್. ಇಮೇಜಿನ ಜೊತೆಗೆ ಅದಕ್ಕೆ ಹೊಂದುವ ಕಂಪೈಲರ್, ಲೈಬ್ರರಿಗಳ ಕಟ್ಟಾದ ಎಸ್‌ಡಿಕೆಯನ್ನೂ ಕೇಳಿ ಪಡೆಯಬೇಕಿತ್ತು. ಖರೀದಿ ವಿಭಾಗದವರು ಅದಕ್ಕೆ ಪ್ರತ್ಯೇಕ ಹಣ ಕೊಡಬೇಕಾಗುತ್ತದೆಂದು ಬಿಟ್ಟುಬಿಟ್ಟರು. ಹೀಗಾಗಿ ನಾವು ಲ್ಯಾಪ್‌ಟಾಪಿನ ಉಬುಂಟುವಿನಲ್ಲಿ ಸಿಗುವ ಆರ್ಮ್ ಹಾರ್ಡ್‌ಫ್ಲೋಟ್ ಕಂಪೈಲರನ್ನೇ ನೆಚ್ಚಿಕೊಂಡಿದ್ದೆವು. 18.04 ಇರುವವರೆಗೆ ಅದು ತಕರಾರಿಲ್ಲದೆ ನಡೆಯಿತು, ಏಕೆಂದರೆ ಅದರ ಜಿಲಿಬ್‌ಸಿ (ಸಿ ಪ್ರೋಗ್ರಾಮುಗಳು ಓಡಲು ಬೇಕಾದ ಮೂಲ ಲೈಬ್ರರಿ) 2.27, ಬೋರ್ಡಿನದು 2.28; ಹಳೆಯದಕ್ಕೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ, ತಿರುವುಮುರುವಾದರೆ ಖಾತ್ರಿಯಿಲ್ಲ.

ಆಮೇಲೆ ಭದ್ರತೆಯ ಕಾರಣ ಹೇಳಿ ಮುಖ್ಯ ಕಚೇರಿಯ ಐಟಿ ವಿಭಾಗದವರು ಎಲ್ಲ ಲ್ಯಾಪ್‌ಟಾಪುಗಳಿಗೂ ಒಮ್ಮೆಲೇ 24.04 ಹಾಕಿಸಿದರು. ಭದ್ರತೆಯ ಮಾತಿನಲ್ಲಿ ಹುರುಳಿತ್ತು. ಆದರೆ ಯಾವ ಲ್ಯಾಪ್‌ಟಾಪಿನಿಂದ ಯಾವ ಬೋರ್ಡಿಗೆ ಕೋಡ್ ಹೋಗುತ್ತದೆಂದು ಒಬ್ಬರೂ ವಿಚಾರಿಸಲಿಲ್ಲ. ಮರುದಿನ ಕಂಪೈಲ್ ಮಾಡಿದ ಫೈಲನ್ನು ನನ್ನ ಮೇಜಿನ ಮೇಲಿದ್ದ ಬೋರ್ಡಿಗೆ ಪೆನ್‌ಡ್ರೈವ್‌ನಿಂದ ಹಾಕಿ ಓಡಿಸಿದಾಗ, ಜಿಲಿಬ್‌ಸಿ 2.34 ಸಿಗುತ್ತಿಲ್ಲವೆಂಬ ಎರರ್ ಬಂದಿತು. 2021ರ ಆಗಸ್ಟಿನಲ್ಲಿ ಬಂದ 2.34ರಲ್ಲಿ ಪಿಥ್ರೆಡ್ ಲೈಬ್ರರಿಯನ್ನು ಮುಖ್ಯ ಸಿ ಲೈಬ್ರರಿಯೊಳಗೆ ಸೇರಿಸಿ, ಪ್ರೋಗ್ರಾಮ್ ಆರಂಭವಾಗುವ ಸಿಂಬಲ್ಲಿಗೇ (ಫಂಕ್ಷನ್ನಿನ ಹೆಸರಿಗೇ) ಹೊಸ ವರ್ಷನ್ ಕೊಟ್ಟಿದ್ದಾರೆ. ಆದ್ದರಿಂದ ಅದಕ್ಕಿಂತ ಹೊಸ ಜಿಲಿಬ್‌ಸಿಗೆ ಲಿಂಕ್ ಆದ ಖಾಲಿ ಮೇನ್ ಫಂಕ್ಷನ್ ಕೂಡ ಹಳೆಯ ಬೋರ್ಡಿನಲ್ಲಿ ಏಳುವುದಿಲ್ಲ. ಡಾಕರ್‌ನಲ್ಲಿ ಹಳೆಯ ಲಿನಕ್ಸ್ ಆದ ಡೆಬಿಯನ್ 10ರ ಕಂಟೇನರ್ (ಲ್ಯಾಪ್‌ಟಾಪಿನೊಳಗೇ ಬೇರೆಯಾಗಿ ಓಡುವ ವ್ಯವಸ್ಥೆ) ಮಾಡಿ, ಅದರೊಳಗೆ ಆರ್ಮ್‌ಎಚ್‌ಎಫ್ (ಆರ್ಮ್ ಹಾರ್ಡ್‌ಫ್ಲೋಟ್) ಕ್ರಾಸ್ ಕಂಪೈಲರ್, ಅಂದರೆ ಲ್ಯಾಪ್‌ಟಾಪಿನಲ್ಲಿ ಓಡಿ ಬೋರ್ಡಿಗೆ ಕೋಡ್ ಕಟ್ಟುವ ಕಂಪೈಲರ್ ಹಾಕಿದೆ. ಅಲ್ಲಿಯ ಜಿಲಿಬ್‌ಸಿಯೂ 2.28 ಆದ್ದರಿಂದ ಪ್ರೋಗ್ರಾಮ್ ಮೇಜಿನ ಬೋರ್ಡಿನಲ್ಲಿ ಸರಿಯಾಗಿ ಓಡಿತು. ಬೋರ್ಡಿನ ಲೈಬ್ರರಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ತಂದು, ಜಿಡಿಬಿ ಎಂಬ ಡಿಬಗರಿಗೆ ಅದನ್ನೇ ಸಿಸ್‌ರೂಟ್ (ಬೋರ್ಡಿನ ಫೈಲುಗಳ ನಕಲು) ಎಂದು ತೋರಿಸಿದೆ. ಬೋರ್ಡಿಗೆ ಸ್ಟ್ರಿಪ್ ಆದ, ಅಂದರೆ ಸಿಂಬಲ್ಲುಗಳನ್ನು ತೆಗೆದ ಬೈನರಿ, ಲ್ಯಾಪ್‌ಟಾಪಿನಲ್ಲಿ ಸಿಂಬಲ್ ಇರುವ ಬೈನರಿ. ಬೋರ್ಡಿನಲ್ಲಿ ಓಡಿ ಜಿಡಿಬಿಯ ಆಜ್ಞೆ ಪಾಲಿಸುವ ಜಿಡಿಬಿಸರ್ವರ್‌ಗೆ ಸಿಂಬಲ್ ಬೇಕಿಲ್ಲವಾದ್ದರಿಂದ ಈ ವ್ಯವಸ್ಥೆ ಬಹುಕಾಲದಿಂದ ನಡೆದುಬಂದದ್ದೇ. ಕ್ರಾಸ್ ಕಂಪೈಲಿಂಗ್‌ನ ರಗಳೆ ಮುಗಿಯಿತೆಂದು ಭಾವಿಸಿ ಬೆಳಗಾವಿ ಪಕ್ಕದ ಮಚ್ಛೆಯ ಗ್ರಾಹಕರ ಶೆಡ್ಡಿಗೆ ಹೊರಟೆ.

ಅಲ್ಲಿಯ ದೂರು ಸಣ್ಣದಿತ್ತು. ಸಿಲಿಂಡರನ್ನು 160 ಬಾರ್‌ಗೆ ಏರಿಸಿ ಹೋಲ್ಡ್ ಮಾಡಿದ ಮೇಲೆ, ಸೋರಿಕೆಯ ಲೆಕ್ಕ ಕೆಲವೊಮ್ಮೆ ತಪ್ಪು ಬರುತ್ತಿತ್ತು. ಹೋಲ್ಡ್ ಆರಂಭವಾಗುವ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಗುರುತು) ಹಾಕಿದರೆ ಸಾಕೆಂದು ಲೆಕ್ಕ ಹಾಕಿದ್ದೆ. ಆ ಸಾಲಿಗೆ ಬರುವಷ್ಟರಲ್ಲಿ ಪ್ರೆಶರ್ ಏರಿಸುವ ಲೋಡಿಂಗ್ ವಾಲ್ವಿನ ಕಾಯಿಲ್ ಆಫ್ ಆಗಿರುತ್ತದೆ, ಪ್ರೋಗ್ರಾಮ್ ಎಷ್ಟು ಹೊತ್ತು ನಿಂತರೂ ಬಾಧಕವಿಲ್ಲ. ನಮ್ಮ ಸ್ಕ್ರಿಪ್ಟು ಹಳೆಯ ಪ್ರೋಗ್ರಾಮನ್ನು ನಿಲ್ಲಿಸಿ, ಹೊಸ ಬೈನರಿಯನ್ನು ನೆಟ್‌ವರ್ಕಿನಲ್ಲಿ ಫೈಲ್ ಸಾಗಿಸುವ ಎಸ್‌ಸಿಪಿಯಿಂದ ಕಳಿಸಿ, ಅದನ್ನು ಜಿಡಿಬಿಸರ್ವರ್ ಕೆಳಗೆ 2345ನೆಯ ಪೋರ್ಟಿನಲ್ಲಿ ಏಳಿಸುತ್ತದೆ. ಪರದೆಯ ಮೇಲೆ ಒಂದಷ್ಟು ಸಾಲುಗಳು ಸರ್ರನೆ ಮೇಲೇರಿ ಹೋದವು, ಕೊನೆಗೆ ಜಿಡಿಬಿಯ ಪ್ರಾಂಪ್ಟ್ ಬಂದಿತು. ಕಂಟಿನ್ಯೂ ಕೊಟ್ಟೆ. ಬೆಂಚಿನ ಆಪರೇಟರ್ ಆಗಿದ್ದ ಹಿರಿಯರೊಬ್ಬರು ಸೈಕಲ್ ಶುರು ಮಾಡಿದರು.

ಪಂಪಿನ ಸದ್ದು ಭಾರವಾಯಿತು. ಬ್ರೇಕ್‌ಪಾಯಿಂಟ್ ಹಿಟ್ ಆಗಿ, ನಾನು ಹಾಕಿದ ಸಾಲೇ ಪರದೆಯಲ್ಲಿ ಬಂದಿತು. ವಾಲ್ವ್ ಸ್ಥಿತಿಯ ವೇರಿಯೇಬಲ್ ಪ್ರಿಂಟ್ ಮಾಡಿದೆ. ಸೊನ್ನೆ, ಅಂದರೆ ಆಫ್. ಪ್ರೆಶರಿನ ವೇರಿಯೇಬಲ್ ಪ್ರಿಂಟ್ ಮಾಡಿದರೆ ಅರ್ಥವಿಲ್ಲದ ಅತಿಸಣ್ಣ ದಶಮಾಂಶ. ಕೋಡನ್ನು ವೇಗವಾಗಿಸುವ ಓ2 ಆಪ್ಟಿಮೈಸೇಶನ್ ಇದ್ದಾಗ ವೇರಿಯೇಬಲ್ಲುಗಳು ಹೀಗೆ ಸುಳ್ಳು ಹೇಳುವುದು ನಮಗೆ ಹೊಸದಲ್ಲವಾದ್ದರಿಂದ, ಡಿಬಗ್‌ಗೆ ಹೊಂದುವ ಓಜಿ ಹಾಕಿ ಮತ್ತೆ ಬಿಲ್ಡ್ ಮಾಡಬೇಕೆಂದು ಯೋಚಿಸುತ್ತ ರಿಜಿಸ್ಟರುಗಳನ್ನು ನೋಡತೊಡಗಿದೆ.

"ಸಾಹೇಬ್ರ, ಕಾಟಾ ಏರಾಕತ್ತೈತ್ರಿ," ಎಂದರು ಆ ಹಿರಿಯರು, ಗೇಜಿನ ಮುಳ್ಳು ನೋಡುತ್ತ.

"ಇಲ್ಲ ಕಾಕಾ, ವಾಲ್ವ್ ಬಂದ್ ಐತಿ," ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

"ನಿಮ್ಮ ಕಂಪ್ಯೂಟರನ್ಯಾಗ ಬಂದ್ ಇರಬೇಕ್ರಿ. ಇಲ್ಲೆ ಎರಡ್ನೂರಾ ಹತ್ತು ದಾಟೇತಿ."

ಆಗಲೂ ನಾನು ಗೇಜಿನ ಕಡೆ ತಿರುಗದೆ, ಅದೇ ವೇರಿಯೇಬಲ್ಲನ್ನು ಮತ್ತೊಮ್ಮೆ ಪ್ರಿಂಟ್ ಮಾಡಿದೆ. ಮತ್ತೆ ಸೊನ್ನೆಯೇ ಬಂದಿತು. ಪ್ರೋಗ್ರಾಮಿಗೆ ಪ್ರೆಶರ್ ಅಳೆದು ಹೇಳುವ ಟ್ರಾನ್ಸ್‌ಮಿಟರ್ ಕೆಟ್ಟಿರಬಹುದೇ ಎಂಬ ವಿಚಾರವೂ ಹಾದುಹೋಯಿತು. ಆದರೆ ಅವರು ನೋಡುತ್ತಿದ್ದದ್ದು ಮುಳ್ಳಿನ ಗೇಜು, ಅದಕ್ಕೂ ಟ್ರಾನ್ಸ್‌ಮಿಟರಿಗೂ ಸಂಬಂಧವೇ ಇಲ್ಲ. ಅಷ್ಟರಲ್ಲಿ 250ಕ್ಕೆ ಸೆಟ್ ಮಾಡಿದ್ದ ರಿಲೀಫ್ ವಾಲ್ವ್ ಕಿರ್ರೆಂದು ಕೂಗಿಕೊಂಡಿತು, ಟ್ಯಾಂಕಿಗೆ ಹೋಗುವ ಹೋಸ್ ಅದುರಿತು. ಕಾಕಾ ನನ್ನ ಒಪ್ಪಿಗೆಗೆ ಕಾಯದೆ ಪ್ಯಾನೆಲ್ಲಿನ ಕೆಂಪು ಬಟನ್ ಒತ್ತಿದರು. ಅದು ಮೋಟರಿನ ವಿದ್ಯುತ್ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ನೇರವಾಗಿ ಬೀಳಿಸುವ ವೈರಿಂಗ್, ನಮ್ಮ ಸಾಫ್ಟ್‌ವೇರಿನ ಹಂಗು ಅದಕ್ಕಿಲ್ಲ. ಗ್ರಾಹಕರ ಮ್ಯಾನೇಜರ್ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡೂ ಕಡೆಯ ಸ್ಟ್ರಿಪ್ ಆದ ಫೈಲುಗಳ ಎಂಡಿ5 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದರೆ ಬೋರ್ಡಿನಲ್ಲಿದ್ದದ್ದು ಹಳೆಯ ಬೈನರಿ, ಜಿಡಿಬಿ ಓದುತ್ತಿದ್ದದ್ದು ಹೊಸತು. ಎಸ್‌ಸಿಪಿಯನ್ನು ಕೈಯಿಂದಲೇ ಓಡಿಸಿದಾಗ ಎಸ್‌ಎಫ್‌ಟಿಪಿ ಸರ್ವರ್ ಇಲ್ಲವೆಂಬ ಸಾಲು ಕಂಡಿತು. 2022ರ ಏಪ್ರಿಲಿನ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಬೇರೆ ಪ್ರೋಟೋಕಾಲ್ ಬಳಸುತ್ತದೆ. ನಮ್ಮ ಬೋರ್ಡಿನಲ್ಲಿರುವುದು ಡ್ರಾಪ್‌ಬೇರ್ ಎಂಬ ಸಣ್ಣ ಎಸ್‌ಎಸ್‌ಎಚ್ ಸರ್ವರ್, ಎಸ್‌ಎಫ್‌ಟಿಪಿ ಸರ್ವರ್ ಇಮೇಜಿನಲ್ಲೇ ಇಲ್ಲ. 18.04ರಲ್ಲಿ ಇದ್ದದ್ದು ಹಳೆಯ ಪದ್ಧತಿಯಾದ್ದರಿಂದ ನಡೆಯುತ್ತಿತ್ತು. ಸ್ಕ್ರಿಪ್ಟು ಎಸ್‌ಸಿಪಿಯ ಎಕ್ಸಿಟ್ ಕೋಡನ್ನು ನೋಡುತ್ತಲೇ ಇರಲಿಲ್ಲ. ಕಳಿಸುವುದು ವಿಫಲವಾದರೂ ಅದು ಮುಂದಿನ ಸಾಲಿಗೆ ಹೋಗಿ, ಅಲ್ಲಿದ್ದ ಹಳೆಯದನ್ನೇ ಏಳಿಸಿತು. ಮೇಜಿನ ಮೇಲೆ ಪೆನ್‌ಡ್ರೈವ್ ಬಳಸಿದ್ದರಿಂದ ನೆಟ್‌ವರ್ಕಿನ ದಾರಿ ಪರೀಕ್ಷೆಯೇ ಆಗಿರಲಿಲ್ಲ. ಹೊಸ ಬೈನರಿಯಲ್ಲಿ ಹೋಲ್ಡ್ ಸಾಲಿರುವ ಅಡ್ರೆಸ್ಸಿನಲ್ಲಿ ಹಳೆಯದರ ಪ್ರೆಶರ್ ಏರಿಸುವ ಲೂಪ್ ಇತ್ತು. ಬ್ರೇಕ್‌ಪಾಯಿಂಟಿನ ಟ್ರ್ಯಾಪ್ ಅಲ್ಲಿ ಬಿದ್ದಿತು, ಕಾಯಿಲ್ ಆನ್ ಇದ್ದಂತೆಯೇ ಪ್ರೋಗ್ರಾಮ್ ನಿಂತಿತು. ಜಿಡಿಬಿ ಮಾತ್ರ ತನ್ನಲ್ಲಿದ್ದ ಹೊಸ ನಕ್ಷೆಯ ಪ್ರಕಾರ ಹೋಲ್ಡ್ ಎಂದೇ ತೋರಿಸಿತು. ಸೊನ್ನೆ ಎಂದದ್ದು ವಾಲ್ವಿನ ಸ್ಥಿತಿಯಲ್ಲ, ಆ ಅಡ್ರೆಸ್ಸಿನಲ್ಲಿದ್ದ ಬೇರೆ ಯಾವುದೋ ಬೈಟು.

ಆಗಾಗ ತಟ್ಟದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಇದ್ದೂ ಬೋರ್ಡು ಏಕೆ ರೀಸೆಟ್ ಆಗಲಿಲ್ಲವೆಂದು ಸಭೆಯಲ್ಲಿ ಕೇಳಿದರು. ನಮ್ಮ ಬೋರ್ಡಿನಲ್ಲಿ ಅದನ್ನು ತಟ್ಟುತ್ತಿರುವುದು ಬಿಜಿಬಾಕ್ಸಿನ ಡೀಮನ್ (ಹಿನ್ನೆಲೆಯಲ್ಲಿ ಓಡುವ ಬೇರೆ ಪ್ರೋಗ್ರಾಮ್); ನಮ್ಮ ಪ್ರೋಗ್ರಾಮ್ ಸತ್ತರೂ ಬದುಕಿದರೂ ಅದು ತನ್ನ ಪಾಡಿಗೆ ತಟ್ಟುತ್ತಿರುತ್ತದೆ. ನಮ್ಮ ಪ್ರೋಗ್ರಾಮೇ ತಟ್ಟುವಂತಿದ್ದರೂ ಆ ಡ್ರೈವರಿನ ಡಿಫಾಲ್ಟ್ ಅವಧಿ 60 ಸೆಕೆಂಡು, 250 ಬಾರ್ ಮುಟ್ಟಲು ಅಷ್ಟು ಹೊತ್ತು ಬೇಡ.

ಈಗ ಸ್ಕ್ರಿಪ್ಟಿನಲ್ಲಿ ಎಸ್‌ಸಿಪಿಗೆ ಹಳೆಯ ಪ್ರೋಟೋಕಾಲಿನ ದೊಡ್ಡ ಓ ಆಯ್ಕೆ ಇದೆ, ಯಾವ ಹೆಜ್ಜೆ ತಪ್ಪಿದರೂ ಅಲ್ಲಿಗೇ ನಿಲ್ಲುತ್ತದೆ. ಸ್ಟ್ರಿಪ್ ಮಾಡಿದರೂ ಬೈನರಿಯ ಗುರುತಾದ ಬಿಲ್ಡ್ ಐಡಿ ಉಳಿಯುತ್ತದಾದ್ದರಿಂದ, ಬೋರ್ಡಿನ ಫೈಲಿನ ಐಡಿಯನ್ನೂ ಲ್ಯಾಪ್‌ಟಾಪಿನದನ್ನೂ ಹೋಲಿಸಿದ ಮೇಲೆಯೇ ಜಿಡಿಬಿ ತೆರೆದುಕೊಳ್ಳುತ್ತದೆ. ಇವೆರಡೂ ಅರ್ಧ ಗಂಟೆಯ ಕೆಲಸ. ನಿಜವಾಗಿ ಬೇಕಾಗಿದ್ದದ್ದನ್ನು ಮಾಡಿದವರು ನಮ್ಮ ಇಲೆಕ್ಟ್ರಿಶಿಯನ್: ಕಂಟ್ರೋಲ್ ಲೂಪ್ ಪ್ರತಿ ಸುತ್ತಿಗೂ ಒಂದು ಔಟ್‌ಪುಟ್ಟನ್ನು ಆನ್ ಆಫ್ ಮಾಡಬೇಕು, ಆ ಮಿಡಿತ ನಿಂತರೆ ರಿಲೇ ಬಿದ್ದು ವಾಲ್ವುಗಳ 24 ವೋಲ್ಟ್ ಕಡಿದುಹೋಗುತ್ತದೆ. ಹೀಗಾಗಿ ಓಡುತ್ತಿರುವ ಬೆಂಚಿನಲ್ಲಿ ಎಲ್ಲಿ ಬ್ರೇಕ್‌ಪಾಯಿಂಟ್ ಹಾಕಿದರೂ ಪ್ರೆಶರ್ ಇಳಿದು ಆ ಸೈಕಲ್ ಹಾಳಾಗುತ್ತದೆ. ಡಿಬಗ್ ಮಾಡುವವರಿಗೆ ಕಿರಿಕಿರಿ, ಅದಕ್ಕಾಗಿ ಗ್ರಾಹಕರ ಸ್ಥಳದಲ್ಲಿ ಈಗ ಡಿಪ್ರಿಂಟ್‌ಎಫ್ (ಪ್ರೋಗ್ರಾಮನ್ನು ನಿಲ್ಲಿಸಿಡದೆ ಮೌಲ್ಯ ಪ್ರಿಂಟ್ ಮಾಡುವ ಜಿಡಿಬಿ ಆಜ್ಞೆ) ಮತ್ತು ಲಾಗ್ ಫೈಲುಗಳಿಂದಲೇ ಕೆಲಸ ಸಾಗಿಸುತ್ತೇವೆ. ಸೋರಿಕೆಯ ಲೆಕ್ಕದ ದೋಷ ಸಿಕ್ಕಿದ್ದೂ ಲಾಗ್ ಫೈಲಿನಲ್ಲಿಯೇ. ಟೈಮರ್ ಒಂದನ್ನು ಹೋಲ್ಡ್‌ಗಿಂತ ಮೊದಲೇ ಆರಂಭಿಸುತ್ತಿದ್ದೆವು.

ಇಮೇಜಿಗೆ ಎಸ್‌ಎಫ್‌ಟಿಪಿ ಸರ್ವರ್ ಸೇರಿಸಿಕೊಡಿ, ಜೊತೆಗೆ ಎಸ್‌ಡಿಕೆಯನ್ನೂ ತರಿಸಿಕೊಡಿ ಎಂದು ಬರೆದು ಕೊಟ್ಟಿದ್ದೇನೆ. ಇಮೇಜ್ ಫ್ರೀಜ್ ಆಗಿದೆ, ವೆಂಡರ್ ಹೊಸ ಕೊಟೇಶನ್ ಕೇಳುತ್ತಿದ್ದಾರೆ ಎಂಬ ಉತ್ತರ ಬಂದಿದೆ. ಐಟಿಯವರ ಮುಂದಿನ ಅಪ್‌ಗ್ರೇಡಿನ ಮೇಲ್ ಅದಕ್ಕೂ ಮೊದಲೇ ಬಂದಿತ್ತು.